ಅಜ್ಜಿ ಎದ್ದದ್ದು ಏಕೆ? ವೃದ್ಧಾಶ್ರಮಗಳಲ್ಲಿ ಹಿರಿಯರು ಬೀಳುವುದನ್ನು ತಡೆಯುವ ಬಗ್ಗೆ

(ಚಿಕ್ಕಮಗಳೂರಿನಲ್ಲಿ ವೃದ್ಧಾಶ್ರಮಗಳ ಸಿಬ್ಬಂದಿ, ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಹಿರಿಯರ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಕೊಪ್ಪ, ಮೂಡಿಗೆರೆ, ಕಳಸದ ಕಡೆಯಿಂದ ಬಸ್ಸು ಹಿಡಿದು ಬಂದಿದ್ದೀರಿ. ರಾತ್ರಿ ಪಾಳಿ ಮುಗಿಸಿ, ನಿದ್ದೆ ಬಿಟ್ಟು ಬಂದು ಕುಳಿತ ಆಯಾಗಳೂ ಇಲ್ಲಿದ್ದಾರೆ. ಇವತ್ತಿನ ಮಾತು ಮೊದಲು ಅವರಿಗೆ, ಆಮೇಲೆ ಉಳಿದವರಿಗೆ. ಒಬ್ಬ ಹಿರಿಯರು ಬೀಳುವುದು ಅಥವಾ ಬೀಳದೇ ಇರುವುದು ಹೆಚ್ಚಾಗಿ ತೀರ್ಮಾನವಾಗುವುದು ಈ ಆಯಾಗಳ ಕೈಯಲ್ಲಿ.

ನಮ್ಮ ಸಂಸ್ಥೆಗಳ ದಾಖಲೆ ಪುಸ್ತಕ ತೆರೆದು ನೋಡಿ. ಒಬ್ಬರು ಬಿದ್ದ ಸಂಗತಿ ಒಂದೇ ಸಾಲಿನಲ್ಲಿ ಮುಗಿದಿರುತ್ತದೆ: 'ರಾತ್ರಿ ಎರಡೂವರೆಗೆ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದರು, ಪ್ರಥಮ ಚಿಕಿತ್ಸೆ ನೀಡಲಾಯಿತು.' ಸಮಯ ಇದೆ, ಜಾಗ ಇದೆ, ಮಾಡಿದ ಉಪಚಾರವೂ ಇದೆ. ಆ ಅಪರಾತ್ರಿಯಲ್ಲಿ ಅವರು ಎದ್ದದ್ದು ಏಕೆ ಎಂಬುದು ಮಾತ್ರ ಇಲ್ಲ. ವಯಸ್ಸಾಯಿತು, ಬಿದ್ದರು ಎಂದು ನಾವೇ ಒಳಗೊಳಗೆ ಉತ್ತರ ಕೊಟ್ಟುಕೊಂಡಿರುತ್ತೇವೆ. ಆ ಉತ್ತರವನ್ನು ನಾನು ಒಪ್ಪುವುದಿಲ್ಲ. ಯಾವ ಅಜ್ಜಿಯೂ ಬೀಳುವುದಕ್ಕೆಂದು ಏಳುವುದಿಲ್ಲ. ಏನೋ ಒಂದು ಕೆಲಸಕ್ಕೆ ಏಳುತ್ತಾರೆ. ಆ ಕೆಲಸ ಯಾವುದೆಂದು ಮೊದಲೇ ತಿಳಿದಿದ್ದರೆ, ಅವರು ಒಬ್ಬರೇ ಏಳುವ ಮೊದಲು ನಾವು ಹೋಗಿ ಕೈ ಹಿಡಿಯಬಹುದು. ನಾನು ಇಲ್ಲಿ ಹೇಳಲು ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಸಮಸ್ಯೆ ಎಷ್ಟು ದೊಡ್ಡದು ಎಂಬುದಕ್ಕೆ ಒಂದೆರಡು ಅಂಕಿ ಹೇಳಿ ಮುಂದೆ ಹೋಗುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6 ಲಕ್ಷ 84 ಸಾವಿರ ಜನ ಬಿದ್ದ ಕಾರಣಕ್ಕೆ ಸಾಯುತ್ತಾರೆ. ಅವರಲ್ಲಿ ಹೆಚ್ಚಿನವರು 60 ದಾಟಿದವರು. ಅದೇ ಸಂಸ್ಥೆಯ 2007ರ ವರದಿಯ ಪ್ರಕಾರ 65 ದಾಟಿದವರಲ್ಲಿ ಶೇ. 28ರಿಂದ 35ರಷ್ಟು ಜನ ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ದೀರ್ಘಕಾಲ ಆರೈಕೆ ಮಾಡುವ ಸಂಸ್ಥೆಗಳಲ್ಲಿ ಇರುವವರಲ್ಲಿ ಇದು ಶೇ. 30ರಿಂದ 50ರವರೆಗೆ ಹೋಗುತ್ತದೆ. ನೋಡಿಕೊಳ್ಳಲು ಜನ ಇರುವ ಜಾಗದಲ್ಲಿ ಹೆಚ್ಚು ಬೀಳುತ್ತಾರೆಯೇ ಎಂದು ಗಾಬರಿಯಾಗಬೇಡಿ. ನಮ್ಮಲ್ಲಿಗೆ ಬರುವವರೇ ಹೆಚ್ಚು ದುರ್ಬಲರಾದವರು. ಅದು ಕಾರಣ ಮಾತ್ರ, ಕೈಕಟ್ಟಿ ಕುಳಿತುಕೊಳ್ಳಲು ನೆಪವಲ್ಲ.

ಈಗ ಆ ಎರಡೂವರೆ ಗಂಟೆಗೆ ಬರೋಣ. ರಾತ್ರಿ ಎದ್ದವರಲ್ಲಿ ಬಹುಪಾಲು ಜನ ಎದ್ದಿರುವುದು ಮೂತ್ರಕ್ಕೆ. ಹೀಗಾಗಿ ಬೀಳುವುದನ್ನು ತಡೆಯುವ ಕೆಲಸ ನನ್ನ ಲೆಕ್ಕದಲ್ಲಿ ಶೌಚಾಲಯದಿಂದಲೇ ಆರಂಭವಾಗಬೇಕು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹೊರಗೆ ಪುಷ್ಯ ಮಳೆ ಸುರಿಯುತ್ತಿದೆ, ಚಳಿಗೆ ಮೂತ್ರದ ಒತ್ತಡ ಜಾಸ್ತಿ. ರಾತ್ರಿ ಮಲಗುವ ಹೊತ್ತಿಗೆ ಕೊಟ್ಟ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್‌ನಂಥದ್ದು, ಇನ್ನೂ ಕೆಲಸ ಮಾಡುತ್ತಿದೆ. ಕರೆಂಟ್ ಹೋಗಿದೆ. ಆಯಾ ಒಬ್ಬರೇ, ಅವರು ಪಕ್ಕದ ಕೋಣೆಯಲ್ಲಿ ಇನ್ನೊಬ್ಬರ ಬಟ್ಟೆ ಬದಲಿಸುತ್ತಿದ್ದಾರೆ. ಅಜ್ಜಿಗೆ ಕರೆಯಲು ಸಂಕೋಚ. 'ಪಾಪ, ಆ ಹುಡುಗಿಗೆ ಎಷ್ಟು ಸಲ ತೊಂದರೆ ಕೊಡುವುದು' ಎಂದುಕೊಂಡು ಕಂಬಳಿ ಸರಿಸಿ ತಾವೇ ಇಳಿಯುತ್ತಾರೆ. ಕಾಲಿಗೆ ಉಣ್ಣೆಯ ಕಾಲುಚೀಲ, ಕೆಳಗೆ ನುಣುಪಾದ ಟೈಲ್ಸ್. ಇದರಲ್ಲಿ ಅನಿರೀಕ್ಷಿತವಾದದ್ದು ಯಾವುದಿದೆ ಹೇಳಿ? ಪ್ರತಿಯೊಂದೂ ನಮಗೆ ಹಗಲೇ ಗೊತ್ತಿದ್ದ ಸಂಗತಿ.

ಹಾಗಾಗಿ ಪ್ರತಿಯೊಬ್ಬರ ವಾಡಿಕೆಯನ್ನೂ ಮೂರು ದಿನ ಬರೆದಿಟ್ಟುಕೊಳ್ಳಿ. ಯಾರು ಎಷ್ಟು ಗಂಟೆಗೆ ಏಳುತ್ತಾರೆ, ರಾತ್ರಿಗೆ ಎಷ್ಟು ಸಲ, ಊಟವಾದ ಎಷ್ಟು ಹೊತ್ತಿಗೆ. ಮೂರು ದಿನದಲ್ಲಿ ಒಂದು ಕ್ರಮ ಕಣ್ಣಿಗೆ ಬೀಳುತ್ತದೆ. ಒಬ್ಬರು ಎರಡೂವರೆಗೆ ಏಳುವವರಾದರೆ ನೀವು ಎರಡೂಕಾಲು ಗಂಟೆಗೇ ಹೋಗಿ, 'ಬನ್ನಿ ಅಜ್ಜಿ, ಹೋಗಿ ಬರೋಣ' ಎನ್ನಿ. ಅವರು ಕರೆಯಬೇಕಾಗಿಲ್ಲ, ಸಂಕೋಚವೂ ಇಲ್ಲ. ಮಲಗುವ ಮೊದಲು ಒಮ್ಮೆ ಕರೆದುಕೊಂಡು ಹೋಗುವುದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ನಡೆಯುವುದು ತೀರಾ ಕಷ್ಟವಿರುವವರಿಗೆ ರಾತ್ರಿ ಹೊತ್ತು ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಡಿ, ನಡುವೆ ಒಂದು ಪರದೆ ಎಳೆಯಿರಿ. ಮರ್ಯಾದೆ ಉಳಿಯದಿದ್ದರೆ ಅವರು ಅದನ್ನು ಬಳಸುವುದಿಲ್ಲ, ಬಚ್ಚಲಿಗೇ ಹೊರಡುತ್ತಾರೆ. ನೀರಿನ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಬಹಳಷ್ಟು ಮಂದಿಗೆ ಬದಲಿಸಬಹುದು. ಸಂಜೆಯ ಕಾಫಿಯನ್ನು ನಿಲ್ಲಿಸಿ ಎಂದು ಈ ಊರಿನಲ್ಲಿ ನಾನು ಹೇಳುವುದಿಲ್ಲ, ಅದು ಅವರ ಬದುಕಿನ ಭಾಗ. ನಾಲ್ಕು ಗಂಟೆಯ ಒಳಗೆ ಕೊಟ್ಟುಬಿಡಿ, ಸಾಕು.

ಇದರ ಇನ್ನೊಂದು ಮುಖ ನನಗೆ ಬಹಳ ನೋವು ಕೊಡುವಂಥದ್ದು. ಮೂತ್ರಕ್ಕೆ ಕರೆಯಬೇಕಾಗುತ್ತದೆ ಎಂದು ಹೆದರಿ ಎಷ್ಟೋ ಹಿರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೈಯಲ್ಲಿ ನೀರು ಕಡಿಮೆಯಾದರೆ ಎದ್ದಾಗ ತಲೆ ತಿರುಗುತ್ತದೆ, ಮೂತ್ರದ ಸೋಂಕಿಗೂ ದಾರಿಯಾಗುತ್ತದೆ. ವಯಸ್ಸಾದವರಲ್ಲಿ ಸೋಂಕು ಜ್ವರವಿಲ್ಲದೆಯೂ ಬರಬಹುದು, ಬರೀ ಗೊಂದಲವಾಗಿ ಕಾಣಿಸಿಕೊಳ್ಳಬಹುದು. ನಿನ್ನೆಯವರೆಗೆ ಸರಿಯಾಗಿ ಓಡಾಡುತ್ತಿದ್ದವರು ಇವತ್ತು ಇದ್ದಕ್ಕಿದ್ದಂತೆ ಬಿದ್ದರೆ, ಮಾತು ಅಸಂಬದ್ಧವಾದರೆ, ಅದನ್ನು ಮರೆವಿಗೆ ಹೊರಿಸಿ ಸುಮ್ಮನಾಗಬೇಡಿ. ವೈದ್ಯರಿಗೆ ತೋರಿಸಿ.

ಎರಡನೆಯ ದೊಡ್ಡ ವಿಷಯ ಮಾತ್ರೆ ಡಬ್ಬಿ. ಒಬ್ಬ ಹಿರಿಯರನ್ನು ಸೇರಿಸಿಕೊಳ್ಳುವಾಗ ಮನೆಯವರು ಒಂದು ಚೀಲ ಮಾತ್ರೆ ತಂದುಕೊಡುತ್ತಾರೆ. ಹೃದಯದ ವೈದ್ಯರು ಬರೆದದ್ದು ಕೆಲವು, ಸಕ್ಕರೆ ಕಾಯಿಲೆಯವರು ಬರೆದದ್ದು ಕೆಲವು, ನಿದ್ದೆ ಬರುವುದಿಲ್ಲ ಎಂದಾಗ ಯಾವಾಗಲೋ ಔಷಧ ಅಂಗಡಿಯಿಂದ ತಂದದ್ದು ಇನ್ನು ಕೆಲವು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರುವುದಿಲ್ಲ. ಆಲ್‌ಪ್ರಜೊಲಾಮ್, ಡಯಾಜೆಪಾಮ್, ಲೊರಾಜೆಪಾಮ್‌ನಂಥ ನಿದ್ದೆ ಮತ್ತು ನೆಮ್ಮದಿಯ ಮಾತ್ರೆಗಳು ಕಾಲಿನ ಹಿಡಿತವನ್ನು ಕಸಿಯುತ್ತವೆ. ಅಮಿಟ್ರಿಪ್ಟಿಲಿನ್, ನೆಗಡಿಗೆ ಕೊಡುವ ತೂಕಡಿಕೆಯ ಸಿರಪ್, ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ರಕ್ತದೊತ್ತಡದ ಮಾತ್ರೆ, ಇವೆಲ್ಲ ಎದ್ದು ನಿಂತಾಗ ತೂಕಡಿಕೆಯನ್ನೋ ತಲೆ ತಿರುಗುವುದನ್ನೋ ತರಬಲ್ಲವು. ಇನ್ಸುಲಿನ್ ಹಾಕಿಸಿಕೊಂಡು ಊಟ ತಡವಾದವರೂ ಇದೇ ಸಾಲಿಗೆ ಸೇರುತ್ತಾರೆ. ಯಾವುದನ್ನೂ ನೀವೇ ನಿಲ್ಲಿಸಬೇಡಿ. ಬಹುಕಾಲ ನಿದ್ದೆ ಮಾತ್ರೆ ತೆಗೆದುಕೊಂಡವರಿಗೆ ಥಟ್ಟನೆ ನಿಲ್ಲಿಸುವುದೇ ಒಂದು ಅಪಾಯ. ನಿಮ್ಮ ಕೆಲಸ ಪಟ್ಟಿ ಮಾಡಿ ಒಬ್ಬ ವೈದ್ಯರ ಮುಂದೆ ಇಡುವುದು, 'ಸಾರ್, ಇದರಲ್ಲಿ ಯಾವುದನ್ನು ಕಡಿಮೆ ಮಾಡಬಹುದು?' ಎಂದು ಬಾಯಿಬಿಟ್ಟು ಕೇಳುವುದು.

ನರ್ಸಿಂಗ್ ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಿ. ಹಿರಿಯರನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಿ. ಎಬ್ಬಿಸಿ ನಿಲ್ಲಿಸಿ ಒಂದನೆಯ ನಿಮಿಷಕ್ಕೆ, ಮತ್ತೆ ಮೂರನೆಯ ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ನಿಂತಾಗ ಅವರ ರಕ್ತದೊತ್ತಡ ಕುಸಿಯುತ್ತಿದೆ ಎಂದರ್ಥ. ಕುಳ್ಳಿರಿಸಿ ಮಾತ್ರ ಬಿಪಿ ನೋಡುವ ಅಭ್ಯಾಸದಿಂದ ಇದು ಎಂದಿಗೂ ಕಣ್ಣಿಗೆ ಬೀಳುವುದಿಲ್ಲ. ಬಿಪಿ ಯಂತ್ರ ಎಲ್ಲ ಕಡೆಯೂ ಇದೆ, ಬೇಕಾದದ್ದು ಹತ್ತು ನಿಮಿಷ. ಕುಸಿತ ಇರುವವರಿಗೆ ಏಳುವ ಕ್ರಮ ಕಲಿಸಿ: ಮೊದಲು ಮಂಚದ ಅಂಚಿನಲ್ಲಿ ಕುಳಿತುಕೊಳ್ಳುವುದು, ಪಾದಗಳನ್ನು ಹತ್ತಾರು ಸಲ ಮೇಲೆ ಕೆಳಗೆ ಆಡಿಸುವುದು, ಆಮೇಲೆ ಹಿಡಿದು ನಿಲ್ಲುವುದು, ನಿಂತಲ್ಲೇ ಸ್ವಲ್ಪ ತಡೆದು ಹೆಜ್ಜೆ ಇಡುವುದು.

ನೆಲ, ಬೆಳಕು, ಹಿಡಿಗಂಬಿಗಳ ಬಗ್ಗೆ ನಿಮಗೆಲ್ಲ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಬಚ್ಚಲಲ್ಲಿ ಗೋಡೆಗೆ ಗಟ್ಟಿಯಾಗಿ ಕೂರಿಸಿದ ಕಂಬಿ ಬೇಕು, ಟವೆಲ್ ಹಾಕುವ ಕಂಬಿ ಯಾರ ಭಾರವನ್ನೂ ತಡೆಯುವುದಿಲ್ಲ. ಮಂಚದ ಎತ್ತರ ಕುಳಿತಾಗ ಎರಡೂ ಪಾದ ನೆಲಕ್ಕೆ ತಾಗುವಷ್ಟಿರಲಿ. ಹೊಸಿಲಿಗೆ ಮತ್ತು ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಬಳಿಯಿರಿ, ಕೆಂಪು ಕಾವಿ ನೆಲದಲ್ಲಿ ಕೆಂಪು ಹೊಸಿಲು ಮಬ್ಬುಗಣ್ಣಿಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ಒದ್ದೆ ಕೊಡೆಗಳು ಬಾಗಿಲ ಹೊರಗೇ ನಿಲ್ಲಲಿ, ಅಂಗಳದ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಆಗಾಗ ಉಜ್ಜಿಸಿ. ಹವಾಯಿ ಚಪ್ಪಲಿಯ ಬದಲು ಹಿಮ್ಮಡಿ ಹಿಡಿಯುವ ಪಾದರಕ್ಷೆ ಕೊಡಿಸಿ. ಕಣ್ಣಿನ ಪೊರೆ ಇದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ. ಊರುಗೋಲಿನ ಬಗ್ಗೆ ಒಂದು ಮಾತು: ಕೈ ಇಳಿಬಿಟ್ಟು ನೇರ ನಿಂತಾಗ ಅದರ ಹಿಡಿ ಮಣಿಕಟ್ಟಿನ ಮಡಿಕೆಯ ಮಟ್ಟಕ್ಕೆ ಬರಬೇಕು. ತೀರಿಹೋದ ಯಜಮಾನರ ಕೋಲನ್ನೇ ಹಿಡಿದು ನಡೆಯುವ ಅಜ್ಜಿಯರಿದ್ದಾರೆ. ಅದನ್ನು ಕಿತ್ತುಕೊಳ್ಳಬೇಡಿ, ಅಳತೆಗೆ ಕತ್ತರಿಸಿ ತುದಿಗೆ ಹೊಸ ರಬ್ಬರ್ ಹಾಕಿಸಿಕೊಡಿ.

ಈಗ ಹೇಳಲು ಕಷ್ಟವಾದ ಮಾತು. ಬೀಳಬಾರದೆಂದು ಹಿರಿಯರನ್ನು ಕುರ್ಚಿಗೆ ದುಪಟ್ಟಾದಿಂದಲೋ ಹೊದಿಕೆಯಿಂದಲೋ ಕಟ್ಟಿ ಕೂರಿಸುವ ಪದ್ಧತಿ ಇದೆ. ಮಂಚದ ಎರಡೂ ಬದಿಯ ಕಂಬಿ ಎತ್ತಿ ಕೂಡಿಹಾಕುವುದೂ ಇದೆ. ಕೇಳಿದರೆ, 'ಅವರ ಒಳ್ಳೆಯದಕ್ಕೇ' ಎನ್ನುತ್ತಾರೆ. ಹಾಗೆ ಹೇಳುವವರ ಮನಸ್ಸು ಕೆಟ್ಟದ್ದಲ್ಲ ಎಂದು ನನಗೆ ಗೊತ್ತು. ಆದರೆ ಕಟ್ಟುವುದರಿಂದ ಗಾಯ ತಪ್ಪುವುದಿಲ್ಲ. ಮರೆವಿನ ಕಾಯಿಲೆ ಇರುವವರು ಎತ್ತಿದ ಕಂಬಿಯನ್ನೇ ಹತ್ತಿ ದಾಟಲು ಹೋಗುತ್ತಾರೆ, ಆಗ ಮಂಚದೆತ್ತರದ ಬದಲು ಕಂಬಿಯೆತ್ತರದಿಂದ ಬೀಳುತ್ತಾರೆ. ಕಟ್ಟಿದ ಬಟ್ಟೆ ಕುತ್ತಿಗೆಗೆ ಸಿಕ್ಕಿ ಜೀವ ಹೋದ ಪ್ರಕರಣಗಳು ಬೇರೆ ದೇಶಗಳಲ್ಲಿ ದಾಖಲಾಗಿವೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ಕಟ್ಟುವುದು ನರ್ಸಿಂಗ್ ಹೋಮ್‌ಗಳ, ಅಂದರೆ ಅಲ್ಲಿನ ವೃದ್ಧಾಲಯಗಳ, ದಿನಚರಿಯೇ ಆಗಿತ್ತು. 1987ರಲ್ಲಿ ಅಲ್ಲಿ ಬಂದ ಕಾನೂನು, ಸಿಬ್ಬಂದಿಯ ಅನುಕೂಲಕ್ಕಾಗಿ ಯಾರನ್ನೂ ಕಟ್ಟುವಂತಿಲ್ಲ ಎಂದಿತು. ಬಿಚ್ಚಿದರೆ ಎಲ್ಲರೂ ಬಿದ್ದು ಮೂಳೆ ಮುರಿದುಕೊಳ್ಳುತ್ತಾರೆ ಎಂಬ ಭಯವಿತ್ತು. ಎಚ್ಚರಿಕೆಯಿಂದ ಬಿಚ್ಚಿದ ಕಡೆಗಳಲ್ಲಿ ಹಾಗಾಗಲಿಲ್ಲ.

ಕಟ್ಟಿ ಕೂರಿಸಿದರೆ ಕಾಲಿಗೆ ಏನಾಗುತ್ತದೆ ಎಂಬುದನ್ನೂ ಕೇಳಿ. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ಮಾಡಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲುಗಳು ಕಳೆದುಕೊಂಡ ಸ್ನಾಯು ಸುಮಾರು 1 ಕಿಲೋ. ಮೊದಲೇ ಸೊರಗಿದ ದೇಹವನ್ನು ತಿಂಗಳುಗಟ್ಟಲೆ ಕೂರಿಸಿದರೆ ಏನುಳಿಯುತ್ತದೆ? ನಿಲ್ಲಿಸಿದ ಗಾಡಿಯ ಗಾಲಿ ನೆಲಕ್ಕೆ ಕಚ್ಚಿಕೊಳ್ಳುವ ಹಾಗೆ ಕಾಲು ಕಚ್ಚಿಕೊಳ್ಳುತ್ತದೆ. ಒಂದು ದಿನ ಕಟ್ಟು ಸಡಿಲವಾದಾಗ ಏಳಲು ಹೋಗಿ ಬಿದ್ದೇ ಬೀಳುತ್ತಾರೆ.

ನನ್ನ ಆರೈಕೆಯಲ್ಲಿದ್ದ ಒಬ್ಬ ಅಜ್ಜನ ವಿಷಯ ಹೇಳಬೇಕು. ಬದುಕೆಲ್ಲ ಕಾಫಿ ತೋಟದಲ್ಲೇ ಕಳೆದವರು, ಮರೆವು ಬಹಳ ಮುಂದುವರಿದಿತ್ತು. ಮಳೆ ಹನಿಯ ಸದ್ದು ಕೇಳಿದರೆ ಸಾಕು, ಯಾವ ಹೊತ್ತಾದರೂ ಎದ್ದು ಬಾಗಿಲಿಗೆ ಧಾವಿಸುತ್ತಿದ್ದರು. ತಡೆದರೆ ಸಿಟ್ಟು, ತಳ್ಳಾಟ. ಎರಡು ಸಲ ಬಿದ್ದೂ ಆಗಿತ್ತು. ಕಟ್ಟುವುದೊಂದೇ ದಾರಿ ಎಂಬ ಮಾತು ಬಂತು. ಒಂದು ರಾತ್ರಿ ಆಯಾ ಒಬ್ಬರು, 'ಅಜ್ಜಾ, ಎಲ್ಲಿಗೆ ಹೊರಟಿರಿ?' ಎಂದು ಕೇಳಿದರು. 'ಕಣದಲ್ಲಿ ಕಾಫಿ ಹರಡಿದ್ದೇವಲ್ಲ, ನೆನೆಯುತ್ತದೆ' ಎಂದರು. ಆಯಾ ತಾನೂ ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಬೆಳೆದವಳು. 'ಟಾರ್ಪಾಲು ಎಳೆದು ಬಂದೆ ಅಜ್ಜಾ, ಬನ್ನಿ ನೋಡೋಣ' ಎಂದು ಕೈ ಹಿಡಿದು ಕಿಟಕಿಯವರೆಗೆ ನಡೆಸಿಕೊಂಡು ಹೋಗಿ, ಹೊರಗೆ ತೋರಿಸಿ, ಮರಳಿ ಕರೆತಂದು ಮಲಗಿಸಿದಳು. ಅಂದಿನಿಂದ ಮಳೆ ಬಂದರೆ ಅಜ್ಜನ ಮಂಚದ ಹತ್ತಿರ ಮೊದಲು ಹೋಗುವುದು ನಮ್ಮಲ್ಲಿ ಕ್ರಮವಾಯಿತು. ಆಯಾ ಹೇಳಿದ್ದು ಸುಳ್ಳಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ಹೊತ್ತಿಗೆ ಅವರ ಆತಂಕ ಇಳಿಸುವುದೇ ಸರಿ ಎಂದು ನಾನು ನಂಬಿದ್ದೇನೆ. ಅವರು ಆಮೇಲೆ ಎಂದೂ ಬೀಳಲಿಲ್ಲ ಎಂದು ಹೇಳಲಾರೆ, ಆದರೆ ಕಟ್ಟಿಸಿಕೊಳ್ಳಲಿಲ್ಲ, ಕೊನೆಯವರೆಗೂ ನಡೆದರು.

ನಡೆಯಬೇಕಾದರೆ ಕಾಲಿಗೆ ಬಲ ಬೇಕು. ಬಲ ಅಳೆಯಲು ಸುಲಭದ ಒಂದು ಪರೀಕ್ಷೆ ಇದೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು ಹೇಳಿ, ಗಡಿಯಾರ ನೋಡಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಅವರ ಮೇಲೆ ಕಣ್ಣಿಡಬೇಕು. ವ್ಯಾಯಾಮ ಎಂದರೆ ದೊಡ್ಡದೇನಲ್ಲ. ಗಟ್ಟಿಯಾದ ಕುರ್ಚಿಯಿಂದ ಎದ್ದು ಕೂರುವುದು, ಜಗಲಿಯ ಕಂಬಿ ಹಿಡಿದು ಹಿಮ್ಮಡಿ ಎತ್ತುವುದು, ಒಂದರ ಮುಂದೊಂದು ಪಾದ ಇಟ್ಟು ನಿಲ್ಲುವುದು, ಪಕ್ಕದಲ್ಲಿ ಒಬ್ಬರು ನಿಂತಿರುವುದು. ಭಜನೆಗೆ ಕೂರುವ ಹೊತ್ತಿಗೆ ಮೊದಲು ಹದಿನೈದು ನಿಮಿಷ ಇದನ್ನು ಸೇರಿಸಿ, ಎಲ್ಲರೂ ಒಟ್ಟಿಗೆ ಮಾಡಿದರೆ ಬೇಸರವಿರುವುದಿಲ್ಲ.

ಊಟದ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತನಾಡುತ್ತೇನೆ. ಆಸ್ಟ್ರೇಲಿಯಾದ 60 ವೃದ್ಧಾಲಯಗಳಲ್ಲಿ, 7 ಸಾವಿರಕ್ಕೂ ಹೆಚ್ಚು ಹಿರಿಯರ ನಡುವೆ ಎರಡು ವರ್ಷ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಕಡೆ ಊಟದಲ್ಲಿ ಹಾಲು, ಮೊಸರು, ಚೀಸ್ ಹೆಚ್ಚಿಸಿದರು, ಬೇರೇನೂ ಇಲ್ಲ. ಅಲ್ಲಿ ಮೂಳೆ ಮುರಿತ ಶೇ. 33ರಷ್ಟು, ಸೊಂಟದ ಮೂಳೆ ಮುರಿತ ಶೇ. 46ರಷ್ಟು, ಬೀಳುವುದು ಶೇ. 11ರಷ್ಟು ಕಡಿಮೆಯಾಯಿತು. ಇದನ್ನು ಓದಿದ ಮೇಲೆ ತಿಳಿಸಾರು, ಅನ್ನ, ನೀರು ಮಜ್ಜಿಗೆಯನ್ನು 'ವಯಸ್ಸಾದವರಿಗೆ ಹಗುರ ಊಟ' ಎಂದು ಬಡಿಸುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಗಟ್ಟಿ ಮೊಸರು ಕೊಡಿ, ಬೇಳೆ ಕೊಡಿ, ತಿನ್ನುವವರಿಗೆ ಮೊಟ್ಟೆ ಕೊಡಿ. ಕಡೂರು, ತರೀಕೆರೆ ಕಡೆಯ ರಾಗಿ ಇದೆ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬೆಳಗಿನ ರಾಗಿ ಗಂಜಿಗೆ ಹಾಲು ಬೆರೆಸಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ವೈದ್ಯರನ್ನು ಕೇಳಿ ಬದಲಿಸಿ. ಮಳೆಗಾಲದಲ್ಲಿ ಮಲೆನಾಡಿಗೆ ಬಿಸಿಲೇ ಅಪರೂಪ, ವಿಟಮಿನ್ ಡಿ ಕೊರತೆ ಇದೆಯೇ ಎಂದು ವೈದ್ಯರ ಬಳಿ ವಿಚಾರಿಸಿ. ವರ್ಷಕ್ಕೆ ಸಾಕಾಗುವಷ್ಟನ್ನು ಒಮ್ಮೆಗೇ ಕೊಟ್ಟ ಒಂದು ಪ್ರಯೋಗದಲ್ಲಿ ಬೀಳುವುದು ಹೆಚ್ಚಾಯಿತು, ಹಾಗಾಗಿ ಅಂಗಡಿಯಿಂದ ತಂದು ಮನಸ್ಸಿಗೆ ಬಂದಂತೆ ನುಂಗಿಸಬೇಡಿ.

ಇಷ್ಟಾದರೂ ಕೆಲವರು ಬೀಳುತ್ತಾರೆ. ಬಿದ್ದಾಗ ಕಂಕುಳಿಗೆ ಕೈ ಹಾಕಿ ಥಟ್ಟನೆ ಎತ್ತಬೇಡಿ. ಪಕ್ಕದಲ್ಲಿ ಕುಳಿತು ಮಾತನಾಡಿಸಿ. ತಲೆಗೆ ಪೆಟ್ಟಾಗಿದೆಯೇ, ಎಲ್ಲಿ ನೋವು, ಎರಡೂ ಕಾಲು ಆಡಿಸಲು ಬರುತ್ತದೆಯೇ ನೋಡಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಬಳಿ ಮೂಳೆ ಮುರಿದಿರುವ ಸಾಧ್ಯತೆ ಹೆಚ್ಚು. ಅಲುಗಿಸದೆ 108ಕ್ಕೆ ಕರೆ ಮಾಡಿ. ಎಣ್ಣೆ ಹಚ್ಚಿ ನೀವುವುದು ಬೇಡ, ಮೂಳೆ ಕಟ್ಟುವ ನಾಟಿ ವೈದ್ಯರ ಬಳಿ ಪಟ್ಟು ಹಾಕಿಸಲು ಕರೆದೊಯ್ಯುವುದೂ ಬೇಡ. ಸೊಂಟದ ಮೂಳೆ ಮುರಿದ ಹಿರಿಯರಿಗೆ ಸಾಧ್ಯವಾದಷ್ಟೂ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಮಳೆಗಾಲದಲ್ಲಿ ನಮ್ಮ ರಸ್ತೆಗಳಲ್ಲೇ ಅರ್ಧ ದಿನ ಕಳೆದುಹೋಗಬಹುದು, ಹಾಗಾಗಿ 'ನಾಳೆ ನೋಡೋಣ' ಎಂಬ ಮಾತು ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ, ಮೇಲೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ತಲೆಯೊಳಗಿನ ರಕ್ತಸ್ರಾವ ದಿನಗಳು, ವಾರಗಳು ಕಳೆದ ಮೇಲೂ ಕಾಣಿಸಿಕೊಳ್ಳಬಹುದು.

ಎಲ್ಲ ಶಾಂತವಾದ ಮೇಲೆ, ಅದೇ ದಿನ, ಪಾಳಿಯಲ್ಲಿದ್ದವರೆಲ್ಲ ಕುಳಿತು ಆ ಒಂದು ಪ್ರಶ್ನೆ ಕೇಳಿಕೊಳ್ಳಿ: ಎದ್ದದ್ದು ಏಕೆ? ಬಿದ್ದವರನ್ನೇ ಕೇಳಿ. ದಾಖಲೆ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಎಳೆಯಿರಿ. ವ್ಯವಸ್ಥಾಪಕರಲ್ಲಿ ನನ್ನ ಬಿನ್ನಹ: ಬಿದ್ದ ಸಂಗತಿ ಹೇಳಿದ ಆಯಾಳ ಸಂಬಳ ಹಿಡಿಯಬೇಡಿ, ಎಲ್ಲರೆದುರು ಬೈಯಬೇಡಿ. ಬೈಗುಳಕ್ಕೆ ಹೆದರಿದವರು ಮುಂದಿನ ಸಲ ಮುಚ್ಚಿಡುತ್ತಾರೆ, ಮುರಿದ ಮೂಳೆ ಎರಡು ದಿನ ಹಾಸಿಗೆಯಲ್ಲೇ ನರಳುತ್ತದೆ. ರಾತ್ರಿ ಪಾಳಿಗೆ ಒಬ್ಬರನ್ನೇ ಬಿಟ್ಟು ಯಾರೂ ಬೀಳಬಾರದೆಂದರೆ ಅವರ ಮುಂದೆ ಕಟ್ಟುವ ದಾರಿ ಮಾತ್ರ ಉಳಿಯುತ್ತದೆ. ಇನ್ನೊಬ್ಬರನ್ನು ನೇಮಿಸಿ. ಖರ್ಚು ನನಗೆ ಗೊತ್ತಿದೆ, ಆದರೂ ಕೇಳುತ್ತಿದ್ದೇನೆ.

ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳಿಗೂ ಒಂದು ಮಾತಿದೆ. 'ದುಡ್ಡು ಕೊಡುತ್ತಿದ್ದೇವೆ, ಅಮ್ಮ ಬಿದ್ದದ್ದು ಹೇಗೆ?' ಎಂದು ಫೋನಿನಲ್ಲಿ ಗದರಿದರೆ, ಮರುದಿನದಿಂದ ಅಮ್ಮ ಮಂಚ ಬಿಟ್ಟು ಇಳಿಯುವುದು ಬಂದ್ ಆಗುತ್ತದೆ. ಸೇರಿಸುವಾಗ ಅವರ ಕಾಯಿಲೆಗಳ ಜೊತೆಗೆ ಅವರ ವಾಡಿಕೆಗಳನ್ನೂ ಬರೆದುಕೊಡಿ: ಎಷ್ಟಕ್ಕೆ ಏಳುವವರು, ತುಳಸಿಗೆ ನೀರು ಹಾಕುವವರೇ, ಕನ್ನಡಕ ಎಲ್ಲಿಡುವವರು, ರಾತ್ರಿ ಎಷ್ಟು ಸಲ ಹೊರಗೆ ಹೋಗುವವರು. ಇದು ಎಕ್ಸ್‌ರೇಗಿಂತ ಹೆಚ್ಚು ನಮಗೆ ಉಪಯೋಗಕ್ಕೆ ಬರುತ್ತದೆ.

ಗೌರಿ ಹಬ್ಬಕ್ಕೆ, ದೀಪಾವಳಿಗೆ ಅವರನ್ನು ಮನೆಗೆ ಕರೆದೊಯ್ಯಬೇಕೇ ಎಂದು ಸಭೆಯಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. ಖಂಡಿತ ಕರೆದೊಯ್ಯಿರಿ. ಬಚ್ಚಲಿಗೆ ಹತ್ತಿರದ ಕೋಣೆಯಲ್ಲಿ ಮಲಗಿಸಿ, ಮೊದಲ ರಾತ್ರಿ ಪಕ್ಕದಲ್ಲಿ ಯಾರಾದರೂ ಮಲಗಿ, ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ವಾಕರ್ ಜೊತೆಯಲ್ಲೇ ಒಯ್ಯಿರಿ. ಅಭ್ಯಂಜನ ಮಾಡಿಸಿದರೆ ಬಚ್ಚಲ ನೆಲದ ಎಣ್ಣೆಯನ್ನು ಸೀಗೆಪುಡಿ ಹಾಕಿ ತೊಳೆದ ಮೇಲೆಯೇ ಅವರನ್ನು ಎಬ್ಬಿಸಿ, ಅಂಗಾಲಿನ ಎಣ್ಣೆಯನ್ನೂ ಒರೆಸಿ. ಮಾತ್ರೆಗಳನ್ನು ಯಾವ ಹೊತ್ತಿಗೆ ಕೊಡಬೇಕೆಂದು ಹೊರಡುವ ಮೊದಲು ಸಿಸ್ಟರ್ ಬಳಿ ಬರೆಸಿಕೊಳ್ಳಿ.